ಉಬ್ಬು ಹಲಗೆಯ ಕಪಾಟಿನ ಬಾಗಿಲು: ರೂಟರ್ ಬಿಟ್ ಹಿಡಿದು ಮಾಡುವ ಪೂರ್ತಿ ವಿಧಾನ

ನಾನು ಮೊದಲು ಮಾಡಿದ ಉಬ್ಬು ಹಲಗೆಯ ಶಟರ್‌ಗಳು ಒಂದು ಮಳೆಗಾಲವನ್ನೂ ದಾಟಲಿಲ್ಲ. ಕಲಬುರಗಿಯಲ್ಲಿ ಅಕ್ಕನ ಮನೆ, ಅಡುಗೆ ಕಟ್ಟೆಯ ಕೆಳಗೆ ಆರು ಶಟರ್. ಮೇ ತಿಂಗಳು, ನೆತ್ತಿ ಸುಡುವ ಬಿಸಿಲು. ಸಾಗವಾನಿ ಕಟ್ಟಿಗೆ, ಹೊಸ ರೂಟರ್ (ಕಟ್ಟಿಗೆಯಲ್ಲಿ ತೋಡು, ಅಂಚು ಕೊರೆಯುವ ಕರೆಂಟ್ ಮಷಿನ್), ಅದಕ್ಕೆ ಹಾಕುವ ಹೊಸ ಬಿಟ್. ನಡುವಿನ ಹಲಗೆ ಚೌಕಟ್ಟಿನೊಳಗೆ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಒಂದು ಕಾಗದವೂ ತೂರುತ್ತಿರಲಿಲ್ಲ. ಅದೇ ನನಗೆ ದೊಡ್ಡ ಹೆಮ್ಮೆ. ಸಾಲದ್ದಕ್ಕೆ ತೋಡಿನ ತುಂಬ ಅಂಟು ಬೇರೆ ಎಳೆದಿದ್ದೆ.

ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಅಕ್ಕನ ಫೋನ್ ಬಂತು: "ನೋಡೊ ತಮ್ಮಾ, ನಿನ್ನ ಬಾಗಿಲಾ ಬಾಯಿ ತೆಗದಾವ." ಹೋಗಿ ನೋಡಿದರೆ ಎರಡು ಬಾಗಿಲಿನ ಮೂಲೆ ಜೋಡಣೆ ಬಿಟ್ಟುಕೊಂಡು, ಒಳಗಿನ ಬೆಳಕು ಕಾಣುತ್ತಿತ್ತು. ಹಲಗೆ ತೇವ ಕುಡಿದು ಅಗಲವಾಗಿ, ಎರಡೂ ಕಡೆಯ ಪಟ್ಟಿಯನ್ನು ಹೊರಗೆ ತಳ್ಳಿತ್ತು. ಮುಂದಿನ ಬೇಸಿಗೆಯಲ್ಲಿ ಉಲ್ಟಾ ಆಯಿತು. ಇನ್ನೊಂದು ಬಾಗಿಲಿನ ಹಲಗೆ ಕುಗ್ಗಲು ನೋಡಿತು, ಅಂಟು ಬಿಡಲಿಲ್ಲ, ನಟ್ಟನಡುವೆ ಉದ್ದಕ್ಕೆ ಸೀಳಿತು. ಅಪ್ಪ ಆ ಸೀಳಿನಲ್ಲಿ ಉಗುರು ಆಡಿಸಿ ಹೇಳಿದ್ದು ಇಷ್ಟೇ: "ಕಟಗೀನ ಕಟ್ಟಿ ಹಾಕಬ್ಯಾಡಪ್ಪಾ. ಅದಕ್ಕ ಆಡ್ಲಾಕ ಜಾಗಾ ಬೇಕು."

ಆ ಜಾಗ ಎಲ್ಲಿ, ಎಷ್ಟು ಬಿಡಬೇಕು, ಬಿಟ್ ಯಾವುದು, ಯಾವ ಕಟ್ ಮೊದಲು, ಇದನ್ನೆಲ್ಲ ಒಂದು ಬಾಗಿಲಿನ ಅಳತೆ ಹಿಡಿದು ಕೊನೆಯವರೆಗೆ ಮಾಡಿ ತೋರಿಸುತ್ತೇನೆ.

ಬಾಗಿಲು ಕೂಡಿರುವ ಬಗೆ

ಐದು ತುಂಡು, ಅಷ್ಟೇ. ಎರಡು ನಿಲುವು ಪಟ್ಟಿ, ಎರಡು ಅಡ್ಡ ಪಟ್ಟಿ, ನಡುವೆ ಒಂದು ಹಲಗೆ. ಪಟ್ಟಿಗಳ ಒಳ ಅಂಚಿನಲ್ಲಿ ಸುತ್ತಲೂ ಒಂದು ತೋಡು ಇರುತ್ತದೆ. ಅಡ್ಡ ಪಟ್ಟಿಯ ತುದಿಯಲ್ಲಿ ಒಂದು ನಾಲಿಗೆ. ಆ ನಾಲಿಗೆ ನಿಲುವು ಪಟ್ಟಿಯ ತೋಡಿಗೆ ಹೋಗಿ ಕೂರುತ್ತದೆ. ಹಲಗೆಯ ಅಂಚನ್ನು ನಾಲ್ಕೂ ಕಡೆ ಇಳಿಜಾರಾಗಿ ತೆಳ್ಳಗೆ ಮಾಡಿ ಅದೇ ತೋಡಿಗೆ ತೂರಿಸುತ್ತೇವೆ. ನಡುಭಾಗ ದಪ್ಪ ಉಳಿಯುವುದರಿಂದ ಉಬ್ಬಿದಂತೆ ಕಾಣುತ್ತದೆ. ಉರ್ದು ಮಾತಾಡುವ ಹಿರಿಯ ಮಿಸ್ತ್ರಿಗಳು ಈ ಹಲಗೆಯನ್ನು ದಿಲ್ಹಾ ಅನ್ನುತ್ತಾರೆ.

ಚೌಕಟ್ಟಿಗೆ ಅಂಟು ಹಾಕುತ್ತೇವೆ. ಹಲಗೆಗೆ ಹಾಕುವುದಿಲ್ಲ. ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಅಳ್ಳಾಡುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಸಾಗವಾನಿ ಈ ವಿಷಯದಲ್ಲಿ ಬಲು ಸಾಧು ಕಟ್ಟಿಗೆ. ಆದರೂ 300 ಮಿಮೀ ಅಗಲದ ಹಲಗೆ, ತೇವಾಂಶ ಶೇ 4ರಷ್ಟು ಏರಿದರೆ ಸುಮಾರು 2 ಮಿಮೀ ಅಗಲವಾಗುತ್ತದೆ. ನಮ್ಮ ಕಡೆ ಏಪ್ರಿಲ್-ಮೇ ಒಣಹವೆಗೂ ಆಗಸ್ಟ್-ಸೆಪ್ಟೆಂಬರ್ ಹಸಿಗೂ ನಡುವೆ ಅಷ್ಟು ವ್ಯತ್ಯಾಸ ಆರಾಮಾಗಿ ಆಗುತ್ತದೆ. 2 ಮಿಮೀ ಏನು ಮಹಾ ಅನ್ನಬೇಡಿ. ಅಕ್ಕನ ಮನೆಯ ಜೋಡಣೆ ಬಿಚ್ಚಿದ್ದು ಅಷ್ಟಕ್ಕೇ.

ಬಿಟ್ ಕೊಳ್ಳುವಾಗ

ಮೂರು ಬಿಟ್ ಬೇಕು. ಚೌಕಟ್ಟಿಗೆ ಒಂದು ಜೋಡಿ: ಒಂದು ಪಟ್ಟಿಯ ಒಳ ಅಂಚಿನಲ್ಲಿ ಡಿಸೈನ್ ಮತ್ತು ತೋಡು ಕೊರೆಯುತ್ತದೆ, ಇನ್ನೊಂದು ಅಡ್ಡ ಪಟ್ಟಿಯ ತುದಿಯಲ್ಲಿ ಅದರ ಪಡಿಯಚ್ಚು ಮತ್ತು ನಾಲಿಗೆ ತೆಗೆಯುತ್ತದೆ. ಮೂರನೆಯದು ಹಲಗೆಯ ಅಂಚು ಇಳಿಸುವ ದೊಡ್ಡ ಬಿಟ್. ಅಂಗಡಿಯಲ್ಲಿ 'ರೈಲ್ ಅಂಡ್ ಸ್ಟೈಲ್ ಸೆಟ್', 'ಪ್ಯಾನೆಲ್ ರೇಸಿಂಗ್ ಬಿಟ್' ಎಂದು ಕೇಳಿ. ಜೋಡಿ ಬಿಟ್‌ಗಳನ್ನು ಒಂದೇ ಸೆಟ್‌ನಲ್ಲೇ ಕೊಳ್ಳಿ. ಬೇರೆ ಬೇರೆ ಕಡೆಯ ಎರಡನ್ನು ಜೋಡಿಸಲು ಹೋದರೆ ಡಿಸೈನ್ ಕೂಡುವುದಿಲ್ಲ. ಒಂದೇ ದಂಡದ ಮೇಲೆ ಬ್ಲೇಡ್ ತಿರುಗಿಸಿ ಎರಡೂ ಕೆಲಸ ಮಾಡುವ ಬಿಟ್ ಕೂಡ ಸಿಗುತ್ತದೆ, ಅಗ್ಗ. ಆದರೆ ಪ್ರತಿ ಸಲ ಬಿಚ್ಚಿ ಜೋಡಿಸುವಾಗ ನಡುವಿನ ತೆಳು ವಾಷರ್ ಒಂದು ಕಳೆದರೂ ಅಳತೆ ಹೋಯಿತು. ನಾನು ಕಳೆದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡಿಸೈನ್ ಯಾವುದು ಅಂತ ಬಹಳ ಜನ ಕೇಳುತ್ತಾರೆ. ಅಡುಗೆಮನೆಗೆ ಸರಳವಾದದ್ದೇ ಸಾಕು. ಕೆತ್ತನೆ ನೋಡುವ ಆಸೆ ಇದ್ದರೆ ಬೀದರ್ ಕೋಟೆಗೆ ಹೋಗಿ ರಂಗೀನ್ ಮಹಲಿನ ಮರದ ಕಂಬ ನೋಡಿ ಬನ್ನಿ, ಕಣ್ಣು ತುಂಬುತ್ತದೆ. ಅಂಥದ್ದನ್ನು ಒಲೆಯ ಕೆಳಗಿನ ಶಟರ್‌ಗೆ ತರಬೇಡಿ. ಅಕ್ಕ ದಿನಾ ರೊಟ್ಟಿ ಬಡಿಯುತ್ತಾಳೆ. ಜೋಳದ ಹಿಟ್ಟು ಹಾರಿ, ಒಗ್ಗರಣೆ ಜಿಡ್ಡಿನ ಜೊತೆ ಸೇರಿ, ಕೆಳಗಿನ ಅಡ್ಡ ಪಟ್ಟಿಯ ಸಂದಿಯಲ್ಲಿ ಕೂತರೆ ಹಲ್ಲುಜ್ಜುವ ಬ್ರಷ್ ಹಿಡಿದು ಕೆರೆಯಬೇಕಾಗುತ್ತದೆ. ಆಳವಾದ ಸುತ್ತುಗಳಿಗಿಂತ ಸಣ್ಣ ಗುಂಡಂಚಿನ ಡಿಸೈನ್ ಒರೆಸಲು ಸುಲಭ.

ಹಲಗೆಯ ಬಿಟ್‌ನಲ್ಲಿ ಎರಡು ಜಾತಿ. ಮಲಗಿಸಿ ಕೊರೆಯುವುದು ಸುಮಾರು 83ರಿಂದ 89 ಮಿಮೀ ಅಗಲ ಇರುತ್ತದೆ, ಅಂಗೈಯಷ್ಟು ದೊಡ್ಡದು. ಹಲಗೆಯನ್ನು ನಿಲ್ಲಿಸಿ ಕೊರೆಯುವ ಬಿಟ್ ಸುಮಾರು 38 ಮಿಮೀ, ಸಣ್ಣ ರೂಟರ್ ಇದ್ದವರಿಗೆ ಅದೇ ಒಳ್ಳೆಯದು. ಆದರೆ ಹಲಗೆಗೆ ಬೆನ್ನು ಕೊಡಲು ಎತ್ತರದ ಫೆನ್ಸ್ (ಮೇಜಿನ ಮೇಲೆ ನಿಲ್ಲಿಸುವ ಅಡ್ಡಗೋಡೆಯಂಥ ಆಸರೆ) ಬೇಕು, ಕಮಾನು ಬಾಗಿಲು ಅದರಲ್ಲಿ ಆಗುವುದಿಲ್ಲ.

ದೊಡ್ಡ ಬಿಟ್‌ಗೆ ವೇಗ ಕಡಿಮೆ ಇರಬೇಕು. ಯಾಕೆಂದರೆ 89 ಮಿಮೀ ಬಿಟ್ಟನ್ನು 22,000 ಆರ್‌ಪಿಎಂನಲ್ಲಿ ತಿರುಗಿಸಿದರೆ ಅದರ ಅಂಚು ಗಂಟೆಗೆ ಸುಮಾರು 370 ಕಿಮೀ ವೇಗದಲ್ಲಿ ಓಡುತ್ತದೆ. ಬಿಟ್ ನಡುಗುತ್ತದೆ, ಕಟ್ಟಿಗೆ ಸುಡುತ್ತದೆ, ಕಾರ್ಬೈಡ್ ಹಲ್ಲು ಕಿತ್ತು ಹಾರಿದರೆ ದೇವರೇ ಗತಿ. 10,000ಕ್ಕೆ ಇಳಿಸಿದರೆ 170 ಕಿಮೀಗೆ ಬರುತ್ತದೆ. ವೇಗ ಇಳಿಸುವ ಗುಂಡಿ ಇಲ್ಲದ ರೂಟರ್‌ಗೆ ಈ ಬಿಟ್ ಹಾಕಲೇಬೇಡಿ.

ಕೊನೆಯದಾಗಿ ಬಿಟ್‌ನ ಕಾಲು, ಅಂದರೆ ರೂಟರ್ ಒಳಗೆ ಹೋಗುವ ದಂಡ. ಅರ್ಧ ಇಂಚು ಅಂದರೆ 12.7 ಮಿಮೀ. ನಮ್ಮ ಮಾರುಕಟ್ಟೆಯಲ್ಲಿ 12 ಮಿಮೀ ಕಾಲಿನ ಬಿಟ್ ಕೂಡ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. 12ರದ್ದನ್ನು ಅರ್ಧ ಇಂಚಿನ ಕಾಲೆಟ್‌ಗೆ (ಬಿಟ್ ಹಿಡಿಯುವ ರೂಟರ್‌ನ ಬಾಯಿ) ಹಾಕಿ ಎಷ್ಟು ಬಿಗಿ ಮಾಡಿದರೂ ಕೆಲಸದ ನಡುವೆ ಜಾರುತ್ತದೆ. ಕೊಳ್ಳುವಾಗ ವರ್ನಿಯರ್ ಹಿಡಿದು ನೋಡಿ. 6 ಮಿಮೀ ಕಾಲು ಹಿಡಿಯುವ ಸಣ್ಣ ರೂಟರ್, ಅಂದರೆ ಟ್ರಿಮ್ಮರ್‌ನಲ್ಲಿ ಈ ಕೆಲಸ ಆಗುವುದಿಲ್ಲ.

ಮಷಿನ್, ಮೇಜು, ಕರೆಂಟ್

ರೂಟರ್ 1800 ವ್ಯಾಟ್ ಅಥವಾ ಮೇಲೆ ಇರಲಿ. ಕೈಯಲ್ಲಿ ಹಿಡಿದು ಮಾಡುವ ಕೆಲಸ ಇದಲ್ಲ, ಮೇಜಿನ ಕೆಳಗೆ ತಲೆಕೆಳಗಾಗಿ ಕೂರಿಸಬೇಕು. 18 ಮಿಮೀ ಪ್ಲೈವುಡ್ ಮೇಲೆ ಸನ್ಮೈಕಾ ಅಂಟಿಸಿ ನಾನೇ ಮಾಡಿಕೊಂಡ ಮೇಜು ಇವತ್ತಿಗೂ ನಡೆಯುತ್ತಿದೆ. ನಡುವಿನ ತೂತು ಬಿಟ್‌ಗಿಂತ ಸ್ವಲ್ಪ ದೊಡ್ಡದಿರಬೇಕು. ಮೇಜಿನದಷ್ಟೇ ಅಲ್ಲ, ರೂಟರ್‌ನ ತಳದ ತೂತೂ ನೋಡಿ. 89 ಮಿಮೀ ಬಿಟ್ ಎಷ್ಟೋ ರೂಟರ್‌ಗಳ ತಳದಲ್ಲಿ ಹೋಗುವುದೇ ಇಲ್ಲ. ಬಿಟ್ ತಂದ ಮೇಲೆ ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

ಸ್ವಿಚ್ ಕೈಗೆಟುಕುವಂತೆ ಮೇಜಿನ ಮುಂದೆ ಇರಲಿ. 1800 ವ್ಯಾಟ್ ಎಂದರೆ ಸುಮಾರು 8 ಆಂಪ್, ಆದ್ದರಿಂದ 16 ಆಂಪ್ ಸಾಕೆಟ್‌ಗೇ ಕೊಡಿ, ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಬೇಡ. ವೋಲ್ಟೇಜ್ ಇಳಿದಾಗ ಮಷಿನ್ ಸದ್ದೇ ಬದಲಾಗುತ್ತದೆ. ಆ ಸದ್ದು ಕೇಳಿದರೆ ಕೆಲಸ ನಿಲ್ಲಿಸಿ, ಚಹಾ ಕುಡಿದು ಬನ್ನಿ.

ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಕಾಲನ್ನು ಕಾಲೆಟ್‌ನ ತಳ ಮುಟ್ಟುವವರೆಗೆ ಇಳಿಸಿ, ಮತ್ತೆ 2-3 ಮಿಮೀ ಮೇಲೆತ್ತಿ ಬಿಗಿ ಮಾಡಿ. ತಳಕ್ಕೆ ಒತ್ತಿಕೊಂಡಿದ್ದರೆ ಬಿಗಿ ಸರಿಯಾಗಿ ಹಿಡಿಯುವುದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕಿವಿಗೆ ಏನಾದರೂ. ಸಾಗವಾನಿ ದೂಳು ಕೆಲವರಿಗೆ ಮೈ ತುರಿಕೆ ಕೊಡುತ್ತದೆ, ಮೂಗಿಗೂ ಒಳ್ಳೆಯದಲ್ಲ. ಕೈಗವಸು ಮಾತ್ರ ಹಾಕಬೇಡಿ, ಬಿಟ್ ಅದನ್ನು ಹಿಡಿದರೆ ಕೈಯನ್ನೂ ಎಳೆಯುತ್ತದೆ. ಮುಂಗೈ ದಾರ, ಕಡಗ ಬಿಚ್ಚಿಡಿ. ಕೊರಳಲ್ಲಿ ಶಿವದಾರ ಇದ್ದರೆ ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಳ್ಳಿ.

ಕಟ್ಟಿಗೆ

ನಮ್ಮ ಕಡೆ ಹಳೆ ವಾಡೆ, ಹಳೆ ಮನೆ ಕೆಡವಿದಾಗ ಬರುವ ಸಾಗವಾನಿ ತೊಲೆ, ಜಂತಿಗಳನ್ನು ಸೀಳಿಸಿದರೆ ಒಳಗೆ ಬಂಗಾರದಂಥ ಕಟ್ಟಿಗೆ. ಹತ್ತಾರು ಬೇಸಿಗೆ ಕಂಡಿರುತ್ತದೆ, ಆಟ ಕಡಿಮೆ. ಆದರೆ ಒಳಗೆ ಮುರಿದ ಮೊಳೆ ಇದ್ದರೆ ಬಿಟ್ ಹಲ್ಲು ಹೋಯಿತು. ಪ್ರತಿ ಪಟ್ಟಿಯ ಮೇಲೂ ಅಯಸ್ಕಾಂತ ಆಡಿಸಿ. ಸಾಗವಾನಿ ಮೇಲೆ ಕಪ್ಪು-ನೀಲಿ ಕಲೆ ಇದ್ದರೆ ಅಲ್ಲಿ ಕಬ್ಬಿಣ ಇತ್ತು ಅಂತಲೇ ಲೆಕ್ಕ.

ಹೊಸದು ಕೊಳ್ಳುವುದಾದರೆ ಚೇಗು ಭಾಗವನ್ನೇ ಆರಿಸಿ. ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಬೀಳುತ್ತದೆ. ಪಟ್ಟಿಗೆ ನೇರ ನಾರು ಇರಲಿ, ಗಂಟು ಬೇಡ. ಸಾ ಮಿಲ್‌ನಿಂದ ತಂದದ್ದನ್ನು ಅಂದೇ ಕೊರೆಯಬೇಡಿ. ಮನೆಯೊಳಗೆ ಕಡ್ಡಿ ಇಟ್ಟು ಒಂದರ ಮೇಲೊಂದು ಜೋಡಿಸಿ ಎರಡು ಮೂರು ವಾರ ಬಿಡಿ. ಅಷ್ಟರಲ್ಲಿ ಯಾವುದು ತಿರುಚಿಕೊಳ್ಳುವ ಜಾತಿ ಅಂತ ಅದೇ ಹೇಳುತ್ತದೆ.

ಬಣ್ಣ ಬಳಿಯುವ ಬಾಗಿಲಾದರೆ ನಡುವೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಹಾಕಬಹುದು, ಅದು ಆಡುವುದಿಲ್ಲ. ಸಿಂಕ್ ಕೆಳಗೆ ಮಾತ್ರ ಬೇಡ, ನೀರು ತಾಗಿದರೆ ಉಬ್ಬಿ ಹೋಗುತ್ತದೆ.

ಲೆಕ್ಕ

ಬಾಗಿಲು 600 ಮಿಮೀ ಎತ್ತರ, 400 ಅಗಲ ಅಂದುಕೊಳ್ಳಿ. ಪಟ್ಟಿಯ ಅಗಲ 55, ದಪ್ಪ 20. ತೋಡಿನ ಆಳ 10. ಕೆಲವು ಬಿಟ್‌ನಲ್ಲಿ ಇದು 9.5 ಇರುತ್ತದೆ. ನಿಮ್ಮ ಬಿಟ್‌ನಲ್ಲಿ ಒಂದು ರದ್ದಿ ತುಂಡು ಕೊರೆದು ಅಳೆದೇ ಲೆಕ್ಕ ಹಾಕಿ.

ನಿಲುವು ಪಟ್ಟಿ 600. ನಾನು ಎರಡೂ ತುದಿಗೆ 2 ಮಿಮೀ ಜಾಸ್ತಿ ಬಿಟ್ಟು 604 ಕತ್ತರಿಸಿ, ಕೊನೆಗೆ ಸಮ ಮಾಡುತ್ತೇನೆ. ಅಡ್ಡ ಪಟ್ಟಿಗೆ: 400ರಲ್ಲಿ ಎರಡು ನಿಲುವು ಪಟ್ಟಿಯ 110 ಕಳೆದರೆ 290. ಎರಡು ತುದಿಯ ನಾಲಿಗೆಗೆ 20 ಸೇರಿಸಿ, 310. ಮೊದಲ ಸಲ ಮಾಡುವವರು ಈ 20 ಮರೆಯುತ್ತಾರೆ. ಬಾಗಿಲು 380ಕ್ಕೆ ಬಂದು ನಿಂತಾಗ ನೆನಪಾಗುತ್ತದೆ.

ಈಗ ಹಲಗೆ. ತೋಡಿನ ತಳದಿಂದ ತಳಕ್ಕೆ ಅಗಲ 310, ಎತ್ತರ 510. ಎತ್ತರಕ್ಕೆ 2 ಮಿಮೀ ಕಡಿಮೆ ಮಾಡಿ 508, ಅದು ನಾರಿನ ಉದ್ದ, ಅಷ್ಟು ಸಾಕು. ಅಗಲಕ್ಕೆ ತಿಂಗಳು ನೋಡಬೇಕು. ಏಪ್ರಿಲ್-ಮೇನಲ್ಲಿ ಕಟ್ಟಿಗೆ ಪೂರ್ತಿ ಒಣಗಿ ಕುಗ್ಗಿರುತ್ತದೆ, ಮುಂದೆ ಹಿಗ್ಗುವುದೇ ಬಾಕಿ. ಆಗ ಒಟ್ಟು 4 ಮಿಮೀ ಬಿಟ್ಟು 306. ಆಗಸ್ಟ್‌ನಲ್ಲಿ ಮಾಡಿದರೆ ಅದು ಆಗಲೇ ಹಿಗ್ಗಿದೆ, 2 ಬಿಟ್ಟು 308 ಸಾಕು. ಹಲಗೆಯ ಅಂಚು ಒಂದೊಂದು ಕಡೆ ತೋಡಿನೊಳಗೆ 8-9 ಮಿಮೀ ಇರುವುದರಿಂದ ಎಷ್ಟು ಕುಗ್ಗಿದರೂ ಹೊರಗೆ ಬಂದು ಬೀಳುವುದಿಲ್ಲ.

ಪಟ್ಟಿಯ ಅಗಲವನ್ನು ಅಂದಕ್ಕೆ ಅಂತ 45ಕ್ಕೆ ಇಳಿಸಬೇಡಿ. ಶಟರ್ ಹಿಂಜಸ್‌ಗೆ (ಬಾಗಿಲಿನ ಕೀಲು) ಬಾಗಿಲಿನ ಹಿಂದೆ ಕೊರೆದು ಕೂರಿಸುವ ದುಂಡನೆಯ ಬಟ್ಟಲು ಇರುತ್ತದೆ, ಅದು 35 ಮಿಮೀ. ಅಂಚಿನಿಂದ 4 ಬಿಟ್ಟು ಕೊರೆದರೆ 39ರವರೆಗೆ ಹೋಗುತ್ತದೆ. 55ರ ಪಟ್ಟಿಯಲ್ಲಿ ತೋಡು 45ಕ್ಕೆ ಶುರು, ನಡುವೆ 6 ಮಿಮೀ ಗಟ್ಟಿ ಕಟ್ಟಿಗೆ ಉಳಿಯುತ್ತದೆ. 45ರ ಪಟ್ಟಿಯಲ್ಲಿ ತೋಡು 35ಕ್ಕೇ ಶುರು. ಬಟ್ಟಲು ನೇರ ತೋಡಿಗೆ ತೂತು ಬೀಳುತ್ತದೆ.

ಪಟ್ಟಿಗಳನ್ನು ಅಣಿ ಮಾಡುವುದು

ಎಲ್ಲ ಪಟ್ಟಿ ಒಂದೇ ದಪ್ಪ ಇರಬೇಕು. ಕಾಲು ಮಿಮೀ ಹೆಚ್ಚುಕಡಿಮೆ ಆದರೂ ಜೋಡಣೆಯಲ್ಲಿ ಒಂದು ಮೇಲೆ ಒಂದು ಕೆಳಗೆ ಕೂರುತ್ತದೆ. ರಂದಾ ಹೊಡೆದು ನೇರ ಮಾಡಿ, ಗುಣ್ಯಾ ಹಿಡಿದು ಮೂಲೆ ನೋಡಿ. ಅದೇ ದಪ್ಪದಲ್ಲಿ ನಾಲ್ಕೈದು ತುಂಡು ಹೆಚ್ಚಿಗೆ ಮಾಡಿಟ್ಟುಕೊಳ್ಳಿ. ಇವು ಪರೀಕ್ಷೆಗೆ. ಬೇರೆ ಕಟ್ಟಿಗೆಯ ರದ್ದಿ ತುಂಡು ನಡೆಯುವುದಿಲ್ಲ, ದಪ್ಪ ಬೇರೆ ಇರುತ್ತದೆ. ಎಲ್ಲ ಪಟ್ಟಿಗೂ ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ಒಂದು ಗುಣಿಸು ಗುರುತು ಹಾಕಿ. ಎರಡೂ ಬಿಟ್‌ಗೆ ಮುಖ ಕೆಳಗೆ, ಗುರುತು ಮೇಲೆ. ಗುರುತು ಕಾಣದಿದ್ದರೆ ಕೊರೆಯಬೇಡಿ.

ಅಡ್ಡ ಪಟ್ಟಿಯ ತುದಿ ಮೊದಲು

ನಾಲಿಗೆಯ ಕಟ್ಟೇ ಮೊದಲು. ತುದಿ ನಾರನ್ನು ಅಡ್ಡ ಕೊರೆಯುವಾಗ ಬಿಟ್ ಹೊರಬೀಳುವ ಕಡೆ ಸ್ವಲ್ಪ ಚಕ್ಕೆ ಏಳುತ್ತದೆ. ಆಮೇಲೆ ಒಳ ಅಂಚು ಕೊರೆದಾಗ ಆ ಚಕ್ಕೆ ಅದರಲ್ಲೇ ಹೋಗುತ್ತದೆ. ಉಲ್ಟಾ ಮಾಡಿದರೆ ಚಂದದ ಡಿಸೈನಿನ ಮೂಲೆಯೇ ಒಡೆಯುತ್ತದೆ.

ನಾಲಿಗೆಯ ಬಿಟ್ ಹಾಕಿ, ನಾಲಿಗೆಯ ಹಿಂದೆ 5-6 ಮಿಮೀ ಉಳಿಯುವಂತೆ ಎತ್ತರ ಇಡಿ. ಫೆನ್ಸನ್ನು ಬಿಟ್‌ನ ಬೇರಿಂಗ್‌ಗೆ (ಬಿಟ್ ಮೇಲೆ ತಿರುಗುವ ಉಂಗುರ) ಸಮ ಮಾಡಿ. ಉಕ್ಕಿನ ಸ್ಕೇಲ್ ಒಂದನ್ನು ಫೆನ್ಸ್‌ನ ಎರಡೂ ಕಡೆಗೆ ತಾಗುವಂತೆ ಹಿಡಿದು ಬೇರಿಂಗನ್ನು ಬೆರಳಿಂದ ತಿರುಗಿಸಿ. ಸ್ಕೇಲನ್ನು ಸವರಿಕೊಂಡು ತಿರುಗಬೇಕು, ತಳ್ಳಬಾರದು.

55 ಮಿಮೀ ಅಗಲದ ಪಟ್ಟಿಯ ತುದಿಯನ್ನು ಬರಿಗೈಯಲ್ಲಿ ಫೆನ್ಸ್‌ಗೆ ಒತ್ತಿ ತಳ್ಳಬೇಡಿ. ಅದು ಓಲಾಡುತ್ತದೆ. ಪ್ಲೈವುಡ್‌ನ ಒಂದು ಚೌಕ ತುಂಡಿಗೆ ಹಿಂದೆ ಆಸರೆ ಪಟ್ಟಿ ಹೊಡೆದು, ಮೇಲೆ ಕ್ಲ್ಯಾಂಪ್ ಕೂರಿಸಿ ಒಂದು ಜಾರುಹಲಗೆ ಮಾಡಿಕೊಳ್ಳಿ. ಈ ಜಾರುಹಲಗೆಯ ದಪ್ಪದಷ್ಟು ಪಟ್ಟಿ ಮೇಲೆ ಕೂರುವುದರಿಂದ ಬಿಟ್ಟನ್ನೂ ಅಷ್ಟೇ ಏರಿಸಬೇಕು. ಪಟ್ಟಿಯ ಹಿಂದೆ ರದ್ದಿ ತುಂಡೊಂದನ್ನು ಒತ್ತಿಟ್ಟರೆ ಚಕ್ಕೆ ಏಳುವುದು ಇನ್ನೂ ಕಡಿಮೆ. ತಳ್ಳುವುದು ಬಲದಿಂದ ಎಡಕ್ಕೆ, ಯಾವಾಗಲೂ. ಎಡದಿಂದ ಬಲಕ್ಕೆ ತಳ್ಳಿದರೆ ಬಿಟ್ ತುಂಡನ್ನು ಕಿತ್ತು ಎಸೆಯುತ್ತದೆ.

ಎರಡೂ ಅಡ್ಡ ಪಟ್ಟಿಯ ನಾಲ್ಕು ತುದಿ, ಜೊತೆಗೆ ಒಂದು ಪರೀಕ್ಷೆ ತುಂಡು. ಅಡುಗೆಮನೆ ಪೂರ್ತಿ ಮಾಡುವುದಿದ್ದರೆ ಎಲ್ಲ ಬಾಗಿಲಿನ ಅಡ್ಡ ಪಟ್ಟಿಯನ್ನೂ ಈಗಲೇ ಮುಗಿಸಿ. ಬಿಟ್ ತೆಗೆದು ಮತ್ತೆ ಹಾಕಿದರೆ ಅದೇ ಎತ್ತರ ಬರುವುದು ಹಣೆಬರಹ.

ಒಳ ಅಂಚು

ಎರಡನೇ ಬಿಟ್ ಹಾಕಿ. ಎತ್ತರ ಹೊಂದಿಸಲು ಅಳತೆ ಪಟ್ಟಿ ಬೇಡ, ನಾಲಿಗೆ ಕೊರೆದ ಪರೀಕ್ಷೆ ತುಂಡೇ ಸಾಕು. ಅದನ್ನು ಮುಖ ಕೆಳಗೆ ಮಾಡಿ ಮೇಜಿನ ಮೇಲೆ ಬಿಟ್ ಪಕ್ಕ ಇಡಿ. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ. ಬಿಟ್‌ನ ತೋಡು ಕೊರೆಯುವ ಹಲ್ಲು ನಾಲಿಗೆಯ ನೇರಕ್ಕೆ ಬರುವವರೆಗೆ ಏರಿಸಿ ಇಳಿಸಿ. ಒಂದು ತುಂಡು ಕೊರೆದು ಜೋಡಿಸಿ ನೋಡಿ.

ಇಲ್ಲಿ ಆತುರ ಬೇಡ. ಜೋಡಣೆಯ ಮೇಲೆ ಬೆರಳ ತುದಿ ಆಡಿಸಿದರೆ ಕಣ್ಣಿಗೆ ಕಾಣದ ಮೆಟ್ಟಿಲೂ ಗೊತ್ತಾಗುತ್ತದೆ. ತೋಡಿನ ತುಂಡು ಮುಂಭಾಗದಲ್ಲಿ ತಗ್ಗಿದೆಯೋ ಉಬ್ಬಿದೆಯೋ ನೋಡಿ ಬಿಟ್ಟನ್ನು ಕೂದಲೆಳೆಯಷ್ಟು ಸರಿಸಿ, ಇನ್ನೊಂದು ತುಂಡು ಕೊರೆಯಿರಿ. ನನಗೆ ಸಾಮಾನ್ಯವಾಗಿ ಮೂರು ತುಂಡು ಹಿಡಿಯುತ್ತದೆ, ಒಮ್ಮೆ ಏಳು ಹಿಡಿದಿತ್ತು. ನಾಲಿಗೆ ಕೈಯಿಂದ ಒತ್ತಿದರೆ ಹೋಗಬೇಕು, ಅಲ್ಲಾಡಿಸಿದರೆ ಸದ್ದು ಮಾಡಬಾರದು. ಸುತ್ತಿಗೆ ಬೇಕಾದರೆ ಬಿಗಿ ಜಾಸ್ತಿ ಅಂತ ಅರ್ಥ. ಆಗ ಬಿಟ್‌ನ ಬ್ಲೇಡ್‌ಗಳ ನಡುವಿನ ತೆಳು ವಾಷರ್ ಬದಲಿಸಿ ಸರಿ ಮಾಡಬಹುದು.

ಹೊಂದಿತು ಅಂದರೆ ನಾಲ್ಕೂ ಪಟ್ಟಿಯ ಒಳ ಅಂಚು ಕೊರೆಯಿರಿ. ಒತ್ತಿ ಹಿಡಿಯಲು ಫೆದರ್ ಬೋರ್ಡ್ (ಬಾಚಣಿಗೆಯಂತೆ ಸೀಳಿದ ಹಲಗೆ), ತಳ್ಳಲು ತಳ್ಳುಕೋಲು. ಸಾಗವಾನಿಯಲ್ಲಿ ನಾರು ಅಡ್ಡಾದಿಡ್ಡಿ ಇದ್ದರೆ ಒಂದೇ ಸಲಕ್ಕೆ ಪೂರ್ತಿ ಕೊರೆಯಬೇಡಿ. ಫೆನ್ಸ್ ಮುಂದಕ್ಕೆ ಸರಿಸಿ ಅರ್ಧ ಕೊರೆದು, ಮತ್ತೆ ಬೇರಿಂಗ್‌ಗೆ ಸಮ ಮಾಡಿ ಉಳಿದರ್ಧ ಮುಗಿಸಿ. ಅಡ್ಡ ಪಟ್ಟಿಗೆ ಒಂದೇ ಅಂಚು, ನಿಲುವು ಪಟ್ಟಿಗೂ ಒಂದೇ ಅಂಚು. ನಗಬೇಡಿ, ಎರಡೂ ಅಂಚು ಕೊರೆದು ಕೂತವನನ್ನು ಬಲ್ಲೆ.

ಹಲಗೆ

306 ಅಗಲಕ್ಕೆ ಒಂದೇ ಹಲಗೆ ಸಿಗುವುದು ಕಷ್ಟ, ಸಿಕ್ಕರೂ ಬಾಗುತ್ತದೆ. ಮೂರು ಪಟ್ಟಿ ಅಂಚಿಗೆ ಅಂಚು ಅಂಟಿಸಿ. ಈ ಅಂಟು ತಪ್ಪಲ್ಲ, ಮೂರೂ ಒಟ್ಟಿಗೇ ಹಿಗ್ಗುತ್ತವೆ. ಸಾಗವಾನಿಯಲ್ಲಿ ಎಣ್ಣೆ ಅಂಶ ಇದೆ, ಅದಕ್ಕೆ ರಂದಾ ಹೊಡೆದ ದಿನವೇ ಅಂಟಿಸಿ. ನಾರು ನಿಲುವಾಗಿ, ಎತ್ತರದ ದಿಕ್ಕಿಗೆ ಇರಬೇಕು.

ದಪ್ಪ ಎಷ್ಟು? 20ರ ಚೌಕಟ್ಟಿಗೆ 16ರ ಹಲಗೆ ಮುಖಕ್ಕೆ ಹೆಚ್ಚುಕಡಿಮೆ ಸಮ ಬರುತ್ತದೆ. 19-20ರ ಹಲಗೆಯನ್ನೇ ಹಾಕಬೇಕು ಅಂದರೆ ಹಿಂಭಾಗವನ್ನೂ ಕೊರೆಯುವ, ಎರಡು ಅಂತಸ್ತಿನ ಬಿಟ್ ಬೇಕು. ಇಲ್ಲದಿದ್ದರೆ ಹಲಗೆ ಚೌಕಟ್ಟಿಗಿಂತ ಮುಂದೆ ಉಬ್ಬಿ ನಿಲ್ಲುತ್ತದೆ.

ವೇಗ 10,000ಕ್ಕೆ ಇಳಿಸಿದ್ದೀರಾ? ಮತ್ತೆ ನೋಡಿ. ಹಿಂದಿನ ಬಿಟ್‌ಗೆ ಏರಿಸಿಟ್ಟ ವೇಗ ಹಾಗೇ ಉಳಿದಿರುತ್ತದೆ. ಚಾಲೂ ಮಾಡಿದಾಗ ಮೇಜು ನಡುಗಿದರೆ ತಕ್ಷಣ ಬಂದ್ ಮಾಡಿ.

ಹಲಗೆ ಮುಖ ಕೆಳಗೆ. ಮೊದಲು ತುದಿ ನಾರಿನ ಎರಡು ಅಂಚು, ಆಮೇಲೆ ಉದ್ದದ ಎರಡು. ತುದಿಯಲ್ಲಿ ಎದ್ದ ಚಕ್ಕೆ ಉದ್ದದ ಕಟ್‌ನಲ್ಲಿ ಹೋಗುತ್ತದೆ. ಒಂದೇ ಸಲಕ್ಕೆ ಪೂರ್ತಿ ಆಳ ಬೇಡ, ಮೂರು ನಾಲ್ಕು ಸುತ್ತು ಮಾಡಿ. ಸಾದಾ ಬಿಟ್ ಆದರೆ ಪ್ರತಿ ಸುತ್ತಿಗೆ ಸುಮಾರು 3 ಮಿಮೀ ಏರಿಸುತ್ತಾ ಹೋಗಿ. ಹಿಂಭಾಗವನ್ನೂ ಕೊರೆಯುವ ಬಿಟ್ ಆದರೆ ಎತ್ತರ ಮುಟ್ಟಬೇಡಿ, ಎರಡು ಬ್ಲೇಡ್ ನಡುವೆ ಅಂಚು ಸಿಕ್ಕಿರುತ್ತದೆ. ಅಲ್ಲಿ ಫೆನ್ಸನ್ನೇ ಸ್ವಲ್ಪ ಸ್ವಲ್ಪ ಹಿಂದೆ ಸರಿಸುತ್ತಾ, ಕೊನೆಯ ಸುತ್ತಿಗೆ ಬೇರಿಂಗ್‌ಗೆ ಸಮ ಮಾಡಿ. ನಿಲ್ಲಿಸಿ ಕೊರೆಯುವ ಬಿಟ್ ಇದ್ದವರು ಹಲಗೆಯ ಮುಖವನ್ನು ಫೆನ್ಸ್‌ಗೆ ಒರಗಿಸಬೇಕು.

ಕೊನೆಯ ಸುತ್ತು ತೀರಾ ತೆಳ್ಳಗಿರಲಿ, ಅರ್ಧ ಮಿಮೀ ಸಾಕು. ನಡುವೆ ನಿಲ್ಲದೆ ಒಂದೇ ಹದದಲ್ಲಿ ತಳ್ಳಿ. ಎಲ್ಲಿ ನಿಂತಿರೋ ಅಲ್ಲಿ ಕಂದು ಸುಟ್ಟ ಗುರುತು ಬೀಳುತ್ತದೆ, ಅದನ್ನು ಸ್ಯಾಂಡ್ ಪೇಪರ್‌ನಲ್ಲಿ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ನಿಲ್ಲದೆ ತಳ್ಳಿದರೂ ಸುಡುತ್ತಿದ್ದರೆ ಬಿಟ್ ಮೊಂಡಾಗಿದೆ. ಸಾಗವಾನಿಯೊಳಗೆ ಮರಳಿನ ಅಂಶ ಇರುತ್ತದೆ, ಅದು ಕಾರ್ಬೈಡನ್ನೂ ಬೇಗ ಸವೆಸುತ್ತದೆ.

ಕೊರೆದ ಅಂಚನ್ನು ಪರೀಕ್ಷೆ ತುಂಡಿನ ತೋಡಿಗೆ ತೂರಿಸಿ ಸುತ್ತಲೂ ಎಳೆದು ನೋಡಿ. ಡ್ರಾಯರ್ ಎಳೆದ ಹಾಗೆ ಹಗುರವಾಗಿ ಜಾರಬೇಕು.

ಪಾಲಿಶ್ ಮೊದಲು, ಜೋಡಣೆ ಆಮೇಲೆ

ಚೌಕಟ್ಟನ್ನು ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಸರಿ ಇದ್ದರೆ ಬಿಚ್ಚಿ, ಹಲಗೆಗೆ 120, 180, 220 ನಂಬರ್ ಪೇಪರ್ ಹೊಡೆದು, ಬಿಡಿಯಾಗಿದ್ದಾಗಲೇ ಪಾಲಿಶ್ ಮಾಡಿ. ಅಂಚಿನ ತುದಿಯವರೆಗೂ ಬಣ್ಣ ಹೋಗಬೇಕು. ಜೋಡಿಸಿದ ಮೇಲೆ ಪಾಲಿಶ್ ಮಾಡಿದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಎರಡೂ ಕಡೆ ಬಣ್ಣವಿಲ್ಲದ ಬಿಳಿ ಗೆರೆ ಕಾಣುತ್ತದೆ. ಅಡುಗೆಮನೆಗೆ ಅರಗಿನ ಪಾಲಿಶ್ ಬೇಡ, ಬಿಸಿ ಮತ್ತು ನೀರಿಗೆ ತಡೆಯುವುದಿಲ್ಲ. ಮೆಲಮೈನ್ ಅಥವಾ ಪಿಯು ಹಾಕಿ. ಮುಂದೆ ಹಿಂದೆ ಎರಡೂ ಕಡೆ ಒಂದೇ ಸಮ ಕೋಟ್ ಇರಲಿ, ಒಂದೇ ಕಡೆ ಬಳಿದರೆ ಹಲಗೆ ಬಾಗುತ್ತದೆ.

ಅಂಟಿಸುವ ಕೆಲಸ ಬೇಸಿಗೆಯಲ್ಲಾದರೆ ಬೆಳಗ್ಗೆ ಬೇಗ ಮಾಡಿ. ಮಧ್ಯಾಹ್ನದ ಬಿಸಿಗೆ ಅಂಟು ನೋಡನೋಡುತ್ತಲೇ ಕೆನೆ ಕಟ್ಟುತ್ತದೆ. ನಾಲಿಗೆಗೆ ಮತ್ತು ಅದರ ಭುಜಕ್ಕೆ ಮಾತ್ರ, ತೆಳ್ಳಗೆ ಫೆವಿಕಾಲ್ ಸವರಿ. ಮೂಲೆಯ ಒಳಬದಿಗೆ ಹಚ್ಚಬೇಡಿ, ಒತ್ತಿದಾಗ ಅದು ಹರಿದು ಹಲಗೆಯನ್ನು ಹಿಡಿದುಬಿಡುತ್ತದೆ. ಹಲಗೆಯ ನಾಲ್ಕು ಮೂಲೆಗೆ ಮೇಣದಬತ್ತಿ ಉಜ್ಜಿದರೆ ಆ ಭಯವೂ ಇಲ್ಲ.

ಜಾಗ ಬಿಟ್ಟ ಹಲಗೆ ಬಾಗಿಲು ಹಾಕಿದಾಗ ಲಟಲಟ ಅನ್ನುತ್ತದೆ ಅಂತ ಕೆಲವರ ದೂರು. ಅದಕ್ಕೆ ತೋಡಿಗೆ ಹಾಕುವ ರಬ್ಬರ್ ಗುಂಡುಗಳು ಸಿಗುತ್ತವೆ. ಸಿಗದಿದ್ದರೆ ಸೈಕಲ್ ಟ್ಯೂಬನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಮಡಚಿ, ನಿಲುವು ಪಟ್ಟಿಯ ತೋಡಿಗೆ ಎರಡೆರಡು ತುರುಕಿ. ಹಲಗೆ ಹಿಗ್ಗಿದಾಗ ಅದು ಅಮುಕಿಕೊಳ್ಳುತ್ತದೆ, ಕುಗ್ಗಿದಾಗ ಮತ್ತೆ ತಳ್ಳುತ್ತದೆ. ಜೊತೆಗೆ ಮೇಲಿನ ಮತ್ತು ಕೆಳಗಿನ ಅಡ್ಡ ಪಟ್ಟಿಯ ಸರಿ ಮಧ್ಯದಲ್ಲಿ, ಹಿಂದಿನಿಂದ, ಹಲಗೆಯ ಅಂಚಿಗೆ ತಾಗುವಂತೆ ಒಂದೊಂದು ಸಣ್ಣ ಮೊಳೆ. ಮುಂದೆ ತೂರಿ ಬರಬಾರದು, ಅಷ್ಟು ಗಿಡ್ಡದ್ದು. ಆಗ ಹಲಗೆ ನಡುವಿನಿಂದ ಎರಡೂ ಕಡೆ ಸಮವಾಗಿ ಆಡುತ್ತದೆ, ಒಂದೇ ಕಡೆಗೆ ಜರಗುವುದಿಲ್ಲ.

ಕ್ಲ್ಯಾಂಪ್ ಎರಡು, ಒಂದೊಂದು ಅಡ್ಡ ಪಟ್ಟಿಯ ನೇರಕ್ಕೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಒಂದೇ ಇರಬೇಕು. ಜಾಸ್ತಿ ಇರುವ ಕರ್ಣದ ಕಡೆಗೆ ಕ್ಲ್ಯಾಂಪನ್ನು ಸ್ವಲ್ಪ ಓರೆ ಮಾಡಿದರೆ ಎಳೆದುಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲೇ ಇಡಿ, ಇಲ್ಲದಿದ್ದರೆ ಬಾಗಿಲು ತಿರುಚಿಕೊಂಡೇ ಒಣಗುತ್ತದೆ. ನಾನು ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ, ಮೊದಲು ದಾರ ಎಳೆದು ನೋಡಿ, ಹಾಸುತ್ತೇನೆ. ಕ್ಲ್ಯಾಂಪ್ ಒಂದು ತಾಸಿಗೆ ಬಿಚ್ಚಬಹುದು, ಮುಂದಿನ ಕೆಲಸ ಮರುದಿನ.

ಹಿಂಜಸ್ ಮತ್ತು ಕೂರಿಸುವುದು

ಬಟ್ಟಲಿಗೆ 35 ಮಿಮೀ ಬಿಟ್, 12 ಮಿಮೀ ಆಳ. 20ರಲ್ಲಿ 8 ಉಳಿಯುತ್ತದೆ. ಹಿಂಜಸ್ ಕೊಳ್ಳುವಾಗ ಕ್ರ್ಯಾಂಕ್, ಅಂದರೆ ಅದರ ತೋಳಿನ ಬಾಗು ಎಷ್ಟು ಅಂತ ಹೇಳಬೇಕು: ಬಾಗಿಲು ಕಪಾಟಿನ ಅಂಚಿನ ಮೇಲೆ ಪೂರ್ತಿ ಕೂರುವುದಾದರೆ 0, ಕಪಾಟಿನ ಒಂದೇ ನಿಲುವಿನ ಮೇಲೆ ಎರಡು ಬಾಗಿಲಾದರೆ 8, ಕಪಾಟಿನ ಚೌಕಟ್ಟಿನ ಒಳಗೆ ಕೂರುವುದಾದರೆ 16. ನಮ್ಮ ಕಡೆ ಕಟ್ಟೆ ಕೆಳಗೆ ಕಲ್ಲಿನ ನಡುವೆ ಮರದ ಚೌಕಟ್ಟು ಕೂರಿಸಿ, ಶಟರ್ ಒಳಗೆ ಹಾಕುವುದೇ ಹೆಚ್ಚು, ಆದ್ದರಿಂದ 16. ಆ ಚೌಕಟ್ಟು ಯಾವತ್ತೂ ಚೌಕ ಇರುವುದಿಲ್ಲ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಚಿಕ್ಕ ಅಳತೆ ಹಿಡಿಯಿರಿ.

ಒಳಗೆ ಕೂರುವ ಬಾಗಿಲಿಗೆ ಸುತ್ತ 2.5ರಿಂದ 3 ಮಿಮೀ ಸಂದು ಸಾಕು. ಹಲಗೆ ಅಷ್ಟು ಆಡುತ್ತದೆ, ಬಾಗಿಲಿಗೆ ಇಷ್ಟೇ ಸಾಕಾ ಅನ್ನಿಸಬಹುದು. ಅಗಲಕ್ಕೆ ಆಡುವ ಕಟ್ಟಿಗೆ ಬಾಗಿಲಿನಲ್ಲಿ ಎರಡು ನಿಲುವು ಪಟ್ಟಿಯ 110 ಮಿಮೀ ಮಾತ್ರ. ಮಳೆಗಾಲಕ್ಕೂ ಬೇಸಿಗೆಗೂ ಅದು ಒಂದು ಮಿಮೀ ಕೂಡ ಬದಲಾಗುವುದಿಲ್ಲ. ಉಳಿದ ಆಟವೆಲ್ಲ ತೋಡಿನೊಳಗೇ ಮುಗಿಯುತ್ತದೆ. ಅಕ್ಕನ ಮನೆಯ ಎರಡನೇ ಸಲದ ಶಟರ್‌ಗಳಿಗೆ ಇದೇ ಸಂದು ಬಿಟ್ಟಿದ್ದೆ. ಯಾವುದೂ ಇದುವರೆಗೆ ಚೌಕಟ್ಟಿಗೆ ಉಜ್ಜಿಲ್ಲ.

ಪರೀಕ್ಷೆ ತುಂಡುಗಳಲ್ಲಿ ಸರಿಯಾಗಿ ಹೊಂದಿದ್ದ ಆ ಒಂದು ಜೋಡಿಯನ್ನು ಎಸೆಯಬೇಡಿ. ಅದರ ಮೇಲೆ ಕಟ್ಟಿಗೆಯ ದಪ್ಪ ಮತ್ತು ಯಾವ ಬಿಟ್ ಅಂತ ಪೆನ್ಸಿಲ್‌ನಲ್ಲಿ ಬರೆದು, ತೂತು ಕೊರೆದು, ಬಿಟ್ ಡಬ್ಬಿಯ ಪಕ್ಕ ಮೊಳೆಗೆ ನೇತು ಹಾಕಿ. ಮುಂದಿನ ಸಲ ಬಿಟ್ಟನ್ನು ಅದರ ನೇರಕ್ಕೆ ಏರಿಸಿದರೆ ಒಂದೇ ತುಂಡಿಗೆ ಕೆಲಸ ಹಿಡಿಯುತ್ತದೆ.